ಎಣ್ಣೆ ಹೊಡೆಯದ ಲಾನ್ ಕಂಪನಿ: ಒಂದು ಸೀಸನ್ನಿನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಎರಡೂವರೆ ಸ್ಟಾರ್. ಅದರಲ್ಲಿ ಎರಡು ಆಗಸ್ಟ್, ಸೆಪ್ಟೆಂಬರಿನಲ್ಲಿ ಬಂದ ಹುಡುಗನಿಗೆ. ಉಳಿದ ಅರ್ಧ, ಫೋನ್ ಮಾಡಿದರೆ ಎತ್ತುತ್ತಾರೆ ಅನ್ನುವುದಕ್ಕೆ.

ಕಂಪನಿಯ ಹೆಸರು ಹಾಕುವುದಿಲ್ಲ. ಕೆನಡಾದ ಟೊರಾಂಟೋ ಸುತ್ತಮುತ್ತ ಇಂಥ ಲಾನ್ ಕೇರ್ ಕಂಪನಿಗಳು, ಅಂದರೆ ಮನೆ ಅಂಗಳದ ಹುಲ್ಲು ನೋಡಿಕೊಳ್ಳುವವರು, ಬೇಕಾದಷ್ಟಿವೆ, ಪ್ಯಾಕೇಜುಗಳೂ ಹೆಚ್ಚುಕಡಿಮೆ ಒಂದೇ ಥರ. ನಾನು ತೆಗೆದುಕೊಂಡದ್ದು ಆರು ವಿಸಿಟ್‌ನದ್ದು. 420 ಡಾಲರ್, ಮೇಲೆ 13% ತೆರಿಗೆ, ಒಟ್ಟು 474 ಡಾಲರ್ 60 ಸೆಂಟ್. ನಮ್ಮದು ಸ್ಕಾರ್ಬರೋದಲ್ಲಿ ಹಳೇ ಬಂಗಲೋ. ಮುಂದೆ ಹಿಂದೆ ಸೇರಿ ಸುಮಾರು 2,500 ಚದರ ಅಡಿ ಹುಲ್ಲು. ಹುಲ್ಲು ಅಂತ ಮರ್ಯಾದೆಗೆ ಹೇಳೋದು. ಮೇ ತಿಂಗಳಲ್ಲಿ ನೋಡಿದರೆ ಅರ್ಧಕ್ಕರ್ಧ ಡ್ಯಾಂಡೆಲಿಯನ್ ಅನ್ನೋ ಹಳದಿ ಹೂವಿನ ಕಳೆ.

ಏಪ್ರಿಲ್ ಮೊದಲ ವಾರ ಅವ್ವ ಧಾರವಾಡದಿಂದ ಬಂದಿದ್ದಳು, ಆರು ತಿಂಗಳಿಗೆ. ಹಳದಿ ಹೂವು ಬಂದಾಗ ನಾನು ತಲೆ ಕೆಡಿಸಿಕೊಂಡು ಓಡಾಡುತ್ತಿದ್ದರೆ ಅವಳಿಗೆ ಆಶ್ಚರ್ಯ. "ಚಂದ ಅದಾವಲ್ಲೋ ಹೂವು. ಇವಕ್ಯಾಕ ಎಣ್ಣಿ ಹೊಡಸ್ತಿ?" ಅಂದಳು. ನಮ್ಮ ಕಡೆ ಹತ್ತಿಗೆ, ಮೆಣಸಿನಕಾಯಿಗೆ ಔಷಧ ಹೊಡೆಯುವುದಕ್ಕೆ ಎಣ್ಣಿ ಹೊಡಿಯೋದು ಅಂತಲೇ ಹೇಳೋದು. ಬೆಳೆ ಇಲ್ಲದ ನೆಲಕ್ಕೆ ಎಣ್ಣಿ ಯಾಕೆ ಅನ್ನೋದು ಅವಳ ಪ್ರಶ್ನೆ. ಈ ಊರು, ಈ ಪ್ರಾಂತ್ಯ ಬಹಳ ಜಗಳ ಆಡಿ ಕೊನೆಗೆ ಬಂದು ಮುಟ್ಟಿದ್ದೂ ಅದೇ ಪ್ರಶ್ನೆಗೆ. ಅದನ್ನು ಆಮೇಲೆ ಹೇಳುತ್ತೇನೆ.

ಪ್ಯಾಕೇಜ್ ಮಾರಲು ಬಂದಿದ್ದ ಮನುಷ್ಯ ಬಾಗಿಲಲ್ಲಿ ನಿಂತು ಹೇಳಿದ ಮೊದಲ ಮಾತೇ, "ಏನ್ ಮಾಡೋದು ಸರ್, ಸರ್ಕಾರ ಒಳ್ಳೇ ಔಷಧ ಎಲ್ಲಾ ಬ್ಯಾನ್ ಮಾಡಿಬಿಟ್ಟಿದೆ. ಇರೋದ್ರಲ್ಲೇ ಮಾಡಬೇಕು." ಸೀಸನ್ ಪೂರ್ತಿ ಇದೇ ಹಾಡು. ಏನು ಕೆಲಸ ಮಾಡದಿದ್ದರೂ ಬ್ಯಾನ್ ಕಾರಣ.

ಏಪ್ರಿಲ್ ಕೊನೆಯಲ್ಲಿ ಮೊದಲ ವಿಸಿಟ್. ಕಾರ್ನ್ ಗ್ಲೂಟನ್ ಮೀಲ್, ಅಂದರೆ ಮೆಕ್ಕೆಜೋಳದಿಂದ ಸ್ಟಾರ್ಚ್ ತೆಗೆದ ಮೇಲೆ ಉಳಿಯುವ ಹಳದಿ ಪುಡಿ. ಚೀಲ ಬಿಚ್ಚಿದ ಕೂಡಲೇ ಕೊಟ್ಟಿಗೆಯ ವಾಸನೆ. ಅವ್ವ ಕಿಟಕಿಯಲ್ಲಿ ನಿಂತು ನೋಡುತ್ತಿದ್ದವಳು ಹೊರಗೇ ಬಂದಳು. ಒಂದು ಚಿಟಿಕೆ ಎತ್ತಿ ಮೂಸಿ, "ಎಮ್ಮಿಗೆ ಇಡೋ ಹಿಂಡಿ ನೆಲಕ್ಕ ಯಾಕ ಚೆಲ್ಲಾಕತ್ತಾನ?" ಅಂತ ಕೇಳಿದಳು. ತಪ್ಪೇನಿಲ್ಲ, ಇದು ನಿಜವಾಗಿಯೂ ದನದ ಮೇವೇ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಲ್ಲಿನ ಮೇಲೆ ಬೇರೇನೋ ಪ್ರಯೋಗ ಮಾಡುತ್ತಿದ್ದಾಗ, ಇದು ಮೊಳಕೆ ಒಡೆಯುವ ಬೀಜಕ್ಕೆ ಬೇರು ಬಿಡಗೊಡುವುದಿಲ್ಲ ಅಂತ ಗೊತ್ತಾಯಿತು. ಜೊತೆಗೆ ಸುಮಾರು 10% ಸಾರಜನಕ ಇರುವುದರಿಂದ ಗೊಬ್ಬರವೂ ಹೌದು.

ಇಲ್ಲಿ ಎರಡು ಮಾತು ಗೊತ್ತಿರಬೇಕು. ಒಂದು, ಆಗಲೇ ಬೇರು ಬಿಟ್ಟು ಕೂತಿರುವ ಡ್ಯಾಂಡೆಲಿಯನ್‌ಗೆ ಇದು ಏನೂ ಮಾಡುವುದಿಲ್ಲ. ಅದಕ್ಕೆ ಸುಮ್ನೆ ಗೊಬ್ಬರ ಹಾಕಿದ ಹಾಗೆ. ಎರಡು, ಯಾವ ಬೀಜ ಕಳೆಯದು, ಯಾವುದು ಒಳ್ಳೇ ಹುಲ್ಲಿನದು ಅಂತ ಇದು ನೋಡುವುದಿಲ್ಲ. ಎಲ್ಲ ಮೊಳಕೆಯನ್ನೂ ತಡೆಯುತ್ತದೆ.

ಈಗ ಕೇಳಿ. ಹತ್ತು ದಿನ ಬಿಟ್ಟು ಎರಡನೇ ವಿಸಿಟ್. ಏನಪ್ಪಾ ಅಂದರೆ, ಹುಲ್ಲಿನ ಬೀಜ ಬಿತ್ತೋದು!

ಗಾಡಿಯಿಂದ ಬೀಜದ ಚೀಲ ಇಳಿಸುತ್ತಿದ್ದವನನ್ನು ಕೇಳಿದೆ, ಮೊನ್ನೆ ಹಾಕಿದ ಪುಡಿ ಇದನ್ನು ಹುಟ್ಟೋಕೆ ಬಿಡುತ್ತಾ ಅಂತ. ಅವನು ತನ್ನ ಫೋನ್ ತೋರಿಸಿದ. ಅದರಲ್ಲಿ ನಮ್ಮ ಮನೆ ನಂಬರ್, ಪಕ್ಕದಲ್ಲಿ "ಬೀಜ". ಅಷ್ಟೇ. ಬಿತ್ತಿ ಹೋದ. ಮೂರು ವಾರ ದಿನಾ ನೀರು ಬಿಟ್ಟೆ. ಪುಡಿ ಬೀಳದೆ ಉಳಿದಿದ್ದ ಮೂಲೆಯಲ್ಲಿ, ಕಸದ ಡಬ್ಬಿ ಇಡುವ ಜಾಗದ ಪಕ್ಕ, ಅಂಗೈ ಅಗಲ ಹಸಿರು ಬಂತು. ಪುಡಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪುಡಿ ಹಾಕಿದವನೂ ಬೀಜ ಹಾಕಿದವನೂ ಒಂದೇ ಕಂಪನಿಯವರು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಜೂನ್ ಮೊದಲ ವಾರ ಮೂರನೆಯದು, ಕಬ್ಬಿಣದ ಸ್ಪ್ರೇ. ನಮ್ಮ ಪ್ರಾಂತ್ಯ ಒಂಟಾರಿಯೋದಲ್ಲಿ ಈಗ ಲಾನ್ ಕಂಪನಿಗಳು ಕಳೆಗೆ ಹೊಡೆಯುವ ಮುಖ್ಯ ಔಷಧ ಇದೇ. ಕಬ್ಬಿಣದ ಒಂದು ಲವಣ, ಎಲೆ ಹೀರಿಕೊಳ್ಳುವ ರೂಪದಲ್ಲಿ ಕಟ್ಟಿರುತ್ತಾರೆ. ಅಗಲ ಎಲೆಯ ಗಿಡ ಇದನ್ನು ಗಟಗಟ ಕುಡಿದು ಅಜೀರ್ಣವಾಗಿ ಸುಟ್ಟುಹೋಗುತ್ತದೆ. ಹುಲ್ಲು ಅಷ್ಟು ಹೀರುವುದಿಲ್ಲ, ಹಾಗಾಗಿ ಬದುಕುತ್ತದೆ, ಇನ್ನೂ ಸ್ವಲ್ಪ ಹಸಿರಾಗುತ್ತದೆ.

ನೋಡೋಕೆ ಮಾತ್ರ ಮಜಾ ಇದೆ. ಬೆಳಗ್ಗೆ ಹತ್ತಕ್ಕೆ ಹೊಡೆದು ಹೋದರು. ಊಟಕ್ಕೆ ಕೂರುವ ಹೊತ್ತಿಗೆ ಎಲೆಯ ಅಂಚು ಕಪ್ಪು. ಸಂಜೆ ಚಹಾ ಹೊತ್ತಿಗೆ ಅಂಗಳದ ತುಂಬ ಒಗ್ಗರಣೆಯಲ್ಲಿ ಸೀದ ಕರಿಬೇವಿನ ಹಾಗೆ ಕರಿ ಕರಿ ಚಕ್ರ. ಪಕ್ಕದ ಮನೆಯವರೆಲ್ಲ ಬಂದು ನೋಡಿದರು. ನಾನು ಅವತ್ತು ಫೋಟೋ ತೆಗೆದು ನಾಲ್ಕು ಜನಕ್ಕೆ ಕಳಿಸಿದ್ದೆ, ದುಡ್ಡು ವಸೂಲಾಯ್ತು ಅಂತ. ಈಗ ಆ ಮೆಸೇಜ್ ನೋಡಿದರೆ ನಾಚಿಕೆ.

ಯಾಕಂದರೆ ಈ ಔಷಧ ಎಲೆ ಸುಡುತ್ತದೆ, ಬೇರಿನ ತಳದವರೆಗೆ ಇಳಿಯುವುದಿಲ್ಲ. ಡ್ಯಾಂಡೆಲಿಯನ್ ಬೇರು ಅಂದರೆ ಮೂಲಂಗಿ ಹಾಗೆ ನೇರ ಕೆಳಗೆ. ನಾನು ಕಿತ್ತ ಒಂದನ್ನು ಅಳೆದೆ, 27 ಸೆಂ.ಮೀ. ಇತ್ತು, ಅದೂ ತುದಿ ಮುರಿದಿತ್ತು. ಎಳೇ ಗಿಡ ಸತ್ತವು, ನಿಜ. ಬಲಿತವು ಮೂರು ವಾರಕ್ಕೆ ಮತ್ತೆ ಚಿಗುರಿದವು. ಒಟ್ಟಿನಲ್ಲಿ ಇದು ಕಟಿಂಗ್ ಮಾಡಿಸಿದ ಹಾಗೆ. ಪದೇ ಪದೇ ಹೊಡೆದು ಬೇರನ್ನು ಸುಸ್ತು ಮಾಡಬೇಕು. ಪ್ಯಾಕೇಜಿನಲ್ಲಿ ಇದ್ದದ್ದು ಜೂನಿಗೊಂದು, ಜುಲೈ ಕೊನೆಗೊಂದು. ಮಧ್ಯೆ ಏಳು ವಾರ. ಬೇರಿಗೆ ಸುಸ್ತಾಗುವುದಿರಲಿ, ಸುಖವಾಗಿ ನಿದ್ದೆ ಮಾಡಿ ಎದ್ದಿತು.

ಇನ್ನೊಂದು ಎಡವಟ್ಟು. ಕಬ್ಬಿಣ ಅಂದ ಮೇಲೆ ತುಕ್ಕು ಇರಲೇಬೇಕಲ್ವಾ? ಸ್ಪ್ರೇ ಕಾಂಕ್ರೀಟಿನ ಮೇಲೆ ಬಿದ್ದರೆ ಆಗಲೇ ನೀರು ಹೊಡೆದು ತೊಳೆಯಬೇಕು. ತೊಳೆಯಲಿಲ್ಲ. ಗೇಟಿನಿಂದ ಬಾಗಿಲವರೆಗೆ ಇರುವ ಕಾಲುದಾರಿಯ ಎರಡೂ ಅಂಚಿಗೆ ಕಿತ್ತಳೆ ಬಣ್ಣದ ಚುಕ್ಕೆ, ಮಧ್ಯೆ ಅರ್ಧ ಬೂಟಿನ ಗುರುತು. ಹೊಡೆದವನು ಒದ್ದೆ ಬೂಟಿನಲ್ಲೇ ನಡೆದು ಬಂದು ಬಾಗಿಲಿಗೆ ರಸೀದಿ ಸಿಕ್ಕಿಸಿ ಹೋಗಿದ್ದಾನೆ. ಅವ್ವ ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತೆಂಗಿನ ನಾರಿನಲ್ಲಿ ತಿಕ್ಕಿದಳು. ಸ್ವಲ್ಪ ಮಾಸಿತು. ಬೂಟಿನ ಹಿಮ್ಮಡಿ ಇವತ್ತಿಗೂ ಇದೆ, ಬಂದವರಿಗೆಲ್ಲ ತೋರಿಸುತ್ತೇನೆ.

ಫೋನ್ ಮಾಡಿದೆ. ಎತ್ತಿದರು, ಸಮಾಧಾನದಿಂದ ಕೇಳಿದರು. ಕೊನೆಗೆ ಅದೇ ಮಾತು: "ಹಳೇ ಔಷಧ ಇದ್ದಿದ್ದರೆ ಒಂದೇ ಸಲಕ್ಕೆ ಹೋಗ್ತಿತ್ತು ಸರ್."

ಅವತ್ತು ರಾತ್ರಿ ಕೂತು ಓದಿದೆ, ಈ ಹಳೇ ಔಷಧದ ಕಥೆ ಏನು ಅಂತ. ಅವರು ಹೇಳೋದು 2,4-ಡಿ, ಮೆಕೊಪ್ರಾಪ್, ಡೈಕಾಂಬಾ ಮೂರೂ ಬೆರೆಸಿದ ಕಳೆನಾಶಕ. ಅದು ಬೇರಿಗೆ ಇಳಿಯುತ್ತದೆ, ಒಂದೇ ಸಲಕ್ಕೆ ಮುಗಿಸುತ್ತದೆ, ಸುಳ್ಳಲ್ಲ. ಅದರ ಮೇಲೆ ಜಗಳ ಶುರುವಾದದ್ದು ಪಕ್ಕದ ಕ್ವಿಬೆಕ್ ಪ್ರಾಂತ್ಯದಲ್ಲಿ, ಮಾಂಟ್ರಿಯಲ್ ಪಶ್ಚಿಮಕ್ಕಿರುವ ಹಡ್ಸನ್ ಅನ್ನೋ ಪುಟ್ಟ ಊರಿನಲ್ಲಿ. ಅಲ್ಲಿ ಜೂನ್ ಅರ್ವಿನ್ ಅಂತ ಚರ್ಮದ ಡಾಕ್ಟರ್ ಇದ್ದರು. ಲಾನಿಗೆ ಹೊಡೆಯುವ ಔಷಧದಿಂದ ಜನರ ಆರೋಗ್ಯ ಕೆಡುತ್ತಿದೆ ಅಂತ ವರ್ಷಗಟ್ಟಲೆ ಊರಿನ ಕೌನ್ಸಿಲ್ ಸಭೆಗೆ ಹೋಗಿ ಹೇಳಿದರು. 1991ರಲ್ಲಿ ಕೌನ್ಸಿಲ್ ನಿಯಮ ಮಾಡಿತು: ಬರೀ ಅಂದಕ್ಕೋಸ್ಕರ ಔಷಧ ಹೊಡೆಯೋ ಹಾಗಿಲ್ಲ. ಎರಡು ಲಾನ್ ಕಂಪನಿಗಳು ಕೋರ್ಟಿಗೆ ಹೋದವು. ಔಷಧಕ್ಕೆ ಕೇಂದ್ರ ಒಪ್ಪಿಗೆ ಕೊಟ್ಟಿದೆ, ಪ್ರಾಂತ್ಯ ನಮಗೆ ಲೈಸನ್ಸ್ ಕೊಟ್ಟಿದೆ, ನಡುವೆ ಊರು ಯಾರು ಕೇಳೋಕೆ ಅಂತ. ಹತ್ತು ವರ್ಷ ನಡೆಯಿತು. 2001ರ ಜೂನ್ 28ರಂದು ಕೆನಡಾದ ಸುಪ್ರೀಂ ಕೋರ್ಟ್ ಊರಿಗೆ ಆ ಹಕ್ಕು ಇದೆ ಅಂದಿತು.

ಆಮೇಲೆ ಒಂದಾದ ಮೇಲೊಂದು. ಹ್ಯಾಲಿಫ್ಯಾಕ್ಸ್ 2000ದಲ್ಲೇ ನಿಯಮ ಮಾಡಿತ್ತು. ನಮ್ಮ ಟೊರಾಂಟೋದಲ್ಲಿ 2004ರಿಂದ. ಒಂಟಾರಿಯೋ ಪೂರ್ತಿಗೆ ಕಾನೂನು 2008ರಲ್ಲಿ ಪಾಸಾಗಿ 2009ರ ಏಪ್ರಿಲ್ 22ರಿಂದ ಜಾರಿ. 250ಕ್ಕೂ ಹೆಚ್ಚು ಉತ್ಪನ್ನಗಳು ಅಂಗಡಿಯಿಂದ ಹೋದವು. ಹೊಲಕ್ಕೆ, ಕಾಡಿಗೆ, ಜನರ ಆರೋಗ್ಯಕ್ಕೆ ಬೇಕಾದ ಕೆಲಸಕ್ಕೆ ವಿನಾಯಿತಿ. ಮುಟ್ಟಿದರೆ ಮೈ ತುರಿಸುವ ಪಾಯ್ಸನ್ ಐವಿ ಬೆಳೆದರೆ ಹೊಡೆಯಬಹುದು. ಗಾಲ್ಫ್ ಮೈದಾನಕ್ಕೂ ಷರತ್ತಿನ ಮೇಲೆ ವಿನಾಯಿತಿ. ಇದನ್ನು ಅವ್ವನಿಗೆ ಹೇಳಿದಾಗ, "ಆಡೋ ಮಂದಿಗೆ ಬ್ಯಾರೆ ಕಾನೂನೇನು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಂಪನಿಗಳ ವಾದವನ್ನೂ ಹೇಳದಿದ್ದರೆ ಅನ್ಯಾಯ. 2,4-ಡಿ ಲೇಬಲ್ ಪ್ರಕಾರ ಬಳಸಿದರೆ ಸರಿ ಅಂತಲೇ ಕೇಂದ್ರದ ಆರೋಗ್ಯ ಇಲಾಖೆ ಹೇಳುತ್ತದೆ. ಕ್ವಿಬೆಕ್ ಪ್ರಾಂತ್ಯವೂ ಅದನ್ನು ಲಾನಿಗೆ ನಿಷೇಧಿಸಿತ್ತು. ಅದರ ಮೇಲೆ 2,4-ಡಿ ಮಾಡುವ ಡೌ ಕಂಪನಿ ವ್ಯಾಪಾರ ಒಪ್ಪಂದದಡಿ 20 ಲಕ್ಷ ಡಾಲರ್ ಪರಿಹಾರ ಕೇಳಿತ್ತು. 2011ರಲ್ಲಿ ರಾಜಿಯಾಯಿತು. ಲೇಬಲ್ ಪ್ರಕಾರ ಬಳಸಿದರೆ ಒಪ್ಪಲಾಗದಂಥ ಅಪಾಯ ಇಲ್ಲ ಅಂತ ಕ್ವಿಬೆಕ್ ಬರೆದುಕೊಟ್ಟಿತು, ಪರಿಹಾರ ಕೊಡಲಿಲ್ಲ, ನಿಷೇಧವನ್ನೂ ತೆಗೆಯಲಿಲ್ಲ. ಮ್ಯಾನಿಟೋಬಾ ಇಂಥದ್ದೇ ಕಾನೂನನ್ನು 2015ರಲ್ಲಿ ತಂದು 2022ರಲ್ಲಿ ಸಡಿಲಿಸಿತು. ಅಂದರೆ ವಿಜ್ಞಾನಿಗಳೆಲ್ಲ ಒಂದೇ ಕಡೆ ಇದ್ದಾರೆ ಅಂತೇನಿಲ್ಲ. ಆದರೆ ಒಂಟಾರಿಯೋ ಪರಿಸರ ಇಲಾಖೆ ನಿಷೇಧಕ್ಕೆ ಮುಂಚೆ 2008ರಲ್ಲಿ, ಬಂದ ಮೇಲೆ 2009ರಲ್ಲಿ ಊರೊಳಗಿನ ಹತ್ತು ಹಳ್ಳಗಳ ನೀರು ಪರೀಕ್ಷೆ ಮಾಡಿದಾಗ, ಆ ಮೂರೂ ಕಳೆನಾಶಕ ಗಣನೀಯವಾಗಿ ಇಳಿದಿತ್ತು. ನಮ್ಮ ಬೀದಿಯ ಚರಂಡಿ ನೀರು ಹೋಗಿ ಸೇರೋದು ಹೈಲ್ಯಾಂಡ್ ಕ್ರೀಕಿಗೆ. ಅಲ್ಲಿ ಮಕ್ಕಳು ಆಡುತ್ತಾರೆ. ನನಗೆ ಅಷ್ಟು ಸಾಕಾಯಿತು.

ಈ ನಡುವೆ ಪರಿಚಯದವರೊಬ್ಬರು ಗುಟ್ಟಾಗಿ ಹೇಳಿದರು, "ಗಡಿಯಾಚೆ ಬಫಲೋಗೆ ಹೋದಾಗ ಹಳೇ ಔಷಧದ ಒಂದು ಬಾಟಲಿ ತಂದಿದ್ದೀನಿ, ಅರ್ಧ ಉಳಿದಿದೆ, ಬೇಕಾ? ರಾತ್ರಿ ಹೊಡೆದರೆ ಯಾರಿಗೂ ಗೊತ್ತಾಗಲ್ಲ." ಆಸೆಯಾಗಲಿಲ್ಲ ಅಂದರೆ ಸುಳ್ಳು. ಹೆಂಡತಿ ಒಂದು ಸಲ ಮುಖ ನೋಡಿದಳು, ಅಷ್ಟಕ್ಕೇ ಬಿಟ್ಟೆ.

ಜುಲೈ ಕೊನೆಯ ವಿಸಿಟ್ ಬಗ್ಗೆ ಹೇಳೋದೇನಿಲ್ಲ. ಮತ್ತೆ ಕಪ್ಪಾಯಿತು, ಮತ್ತೆ ಚಿಗುರಿತು. ಈ ಸಲ ಕಾಲುದಾರಿ ತೊಳೆದರು.

ಅಷ್ಟರಲ್ಲಿ ಅವ್ವ ತನ್ನದೇ ಕೆಲಸ ಶುರು ಮಾಡಿಬಿಟ್ಟಿದ್ದಳು. ಸಂಜೆ ಒಂದು ಮಣೆ ಹಾಕಿಕೊಂಡು ಅಡುಗೆಮನೆಯ ಹಳೇ ಚಾಕು ಹಿಡಿದು ಕೂರೋದು. "ಕಸಾ ತಗಿಯೋದಕ್ಕ ಇಷ್ಟ್ಯಾಕ ರೊಕ್ಕ? ಒಂದು ಕುರ್ಚಿಗಿ ತಂದುಕೊಡು" ಅಂತ. ನಮ್ಮ ಕಡೆ ಹೊಲದ ಕಳೆಗೆ ಕಸ ಅಂತಲೇ ಅನ್ನೋದು. ಕುರ್ಚಿಗಿ, ಅಂದರೆ ಕೂತು ಕಳೆ ತೆಗೆಯುವ ಕೈಸಾಧನ, ಇಲ್ಲಿ ಎಲ್ಲಿ ಸಿಗಬೇಕು? ನಿಂತೇ ಕೀಳುವ ಉದ್ದ ಕೋಲಿನ ಕಳೆ ಕೀಳುವ ಸಾಧನ ತಂದೆ. ಕೆಳಗೆ ನಾಲ್ಕು ಉಗುರು, ಕಾಲಲ್ಲಿ ಒತ್ತಿ ವಾಲಿಸಿದರೆ ಬೇರು ಸಮೇತ ಮೇಲೆ. ಮಳೆ ಬಂದ ಮಾರನೇ ದಿನ ಕಿತ್ತರೆ ಬೇರು ಮುರಿಯುವುದಿಲ್ಲ. ಮೂರು ವಾರದಲ್ಲಿ ಮುಂದಿನ ಅಂಗಳ ಅವ್ವನದೇ. ಪಕ್ಕದ ಮನೆಯ ಇಟಲಿ ಅಜ್ಜ ಬೇಲಿಯಾಚೆಯಿಂದ ನೋಡಿ, ತನ್ನ ಹಿತ್ತಲಿನ ಎಳೇ ಡ್ಯಾಂಡೆಲಿಯನ್ ಎಲೆ ಒಂದು ಬುಟ್ಟಿ ಕೊಟ್ಟ. ಅವರು ತಿನ್ನುತ್ತಾರೆ. ಅವ್ವ ಬೇಳೆ ಹಾಕಿ ಪಲ್ಯ ಮಾಡಿದಳು. ಮೆಂತೆಗಿಂತ ಕಹಿ. ರೊಟ್ಟಿ ಜೊತೆ ನಡೆಯುತ್ತದೆ. ನಮ್ಮ ಅಂಗಳದ್ದನ್ನು ಸ್ಪ್ರೇ ಆದದ್ದರಿಂದ ಮುಟ್ಟಲಿಲ್ಲ.

ಇನ್ನು ಆ ಎರಡು ಸ್ಟಾರ್‌ಗಳ ವಿಷಯ. ಆಗಸ್ಟ್ ಕೊನೆಗೆ ನೆಮಟೋಡ್ ವಿಸಿಟ್. ಹಿಂದಿನ ಅಕ್ಟೋಬರಿನಲ್ಲಿ ರಕೂನ್ ಅನ್ನೋ ಪ್ರಾಣಿಗಳು ಹಿತ್ತಲಿನ ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಹಾಕಿದ್ದವು, ಕೆಳಗಿರುವ ಗೊಣ್ಣೆಹುಳು ತಿನ್ನೋಕೆ. ಒಂದಡಿ ಚೌಕ ಕೆತ್ತಿ ನೋಡಿದಾಗ 11 ಹುಳು ಇದ್ದವು. ನೆಮಟೋಡ್ ಅಂದರೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜಂತು. ನೀರಿನಲ್ಲಿ ಕಲಸಿ ಬಿಟ್ಟರೆ ಮಣ್ಣೊಳಗೆ ಹುಳುವನ್ನು ಹುಡುಕಿ, ಅದರ ಮೈಯೊಳಗೆ ಹೊಕ್ಕು ಸಾಯಿಸುತ್ತವೆ. ಆದರೆ ಬಿಸಿಲು ತಾಗಿದರೆ ಇವೇ ಸಾಯುತ್ತವೆ. ಮಣ್ಣು ಮೊದಲೂ ಒದ್ದೆ, ಆಮೇಲೂ ಒದ್ದೆ ಇರಬೇಕು.

ಗಾಡಿ ಬಂದದ್ದು ಮಧ್ಯಾಹ್ನ ಒಂದಕ್ಕೆ, ರಣ ಬಿಸಿಲು. ಈ ಸಲ ಹೊಸ ಹುಡುಗ. ನಾನು ಬಾಯಿ ಬಿಡುವ ಮೊದಲೇ ಅವನೇ, "ಅಂಕಲ್, ಈಗ ಹಾಕಿದರೆ ವೇಸ್ಟ್. ಡಬ್ಬ ಗಾಡಿಯಲ್ಲಿ ಐಸ್ ಮೇಲೆ ಇಟ್ಟಿರ್ತೀನಿ, ಡ್ಯೂಟಿ ಮುಗಿಸಿ ಏಳಕ್ಕೆ ಬರ್ತೀನಿ. ನೀವು ಆರಕ್ಕೆ ನೀರು ಬಿಟ್ಟಿರಿ" ಅಂದ. ಏಳೂ ಹತ್ತಕ್ಕೆ ಬಂದ. ಸ್ಪ್ರೇ ಮೂತಿಯೊಳಗಿನ ಜಾಲರಿ ಬಿಚ್ಚಿ ಜೇಬಿಗೆ ಹಾಕಿಕೊಂಡ, ಅದರಲ್ಲಿ ಜಂತು ಸಿಕ್ಕಿಕೊಳ್ಳುತ್ತವೆ ಅಂತ. ಒಂದು ಹನಿಯನ್ನು ಕಪ್ಪು ಮುಚ್ಚಳದಲ್ಲಿ ಹಾಕಿ ಟಾರ್ಚ್ ಬಿಟ್ಟು ತೋರಿಸಿದ. ಕೂದಲ ಎಳೆಗಿಂತ ಸಣ್ಣದು ಏನೋ ಮಿಸುಕುತ್ತಿತ್ತು. ಅವ್ವನಿಗೆ ಕಾಣಲಿಲ್ಲ, ಆದರೂ ಹೌದು ಹೌದು ಅಂದಳು. ಅಕ್ಟೋಬರಿನಲ್ಲಿ ಮತ್ತೆ ಅದೇ ಅಳತೆ ಕೆತ್ತಿದೆ. ಮೂರು ಹುಳು. ರಕೂನ್ ಈ ಸಲ ಬರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಅದೇ ಹುಡುಗ ಯಂತ್ರ ತಂದು ಅಂಗಳದ ತುಂಬ ತೂತು ಹೊಡೆದ. ಕಿರುಬೆರಳಷ್ಟು ಮಣ್ಣಿನ ತುಂಡು ಎಲ್ಲ ಕಡೆ, ನಾಯಿಗಳ ಹಿಂಡು ಬಂದು ಹೋದ ಹಾಗೆ. ತೂತಿಗೆ ಗಾಳಿ ನೀರು ಇಳಿಯುತ್ತದೆ, ಗಟ್ಟಿ ಮಣ್ಣು ಸಡಿಲ ಆಗುತ್ತದೆ. ಅದರ ಮೇಲೆ ಬೀಜ, ಸ್ವಲ್ಪ ಬಿಳಿ ಕ್ಲೋವರ್ ಅನ್ನೋ ಮೂರೆಲೆಯ ಪುಟ್ಟ ಗಿಡದ ಬೀಜವನ್ನೂ ನಾನು ಕೇಳಿ ಸೇರಿಸಿದೆ. ಹಳೇ ಔಷಧದ ಕಾಲದಲ್ಲಿ ಕ್ಲೋವರ್ ಸತ್ತು ಹೋಗುತ್ತಿತ್ತು, ಅದಕ್ಕೇ ಅದನ್ನೂ ಕಳೆ ಅಂತ ಕರೆದುಬಿಟ್ಟರು. ಅದಕ್ಕೂ ಮುಂಚೆ ಬೀಜದ ಚೀಲದಲ್ಲೇ ಬರುತ್ತಿತ್ತು. ಗಾಳಿಯ ಸಾರಜನಕ ಹಿಡಿದು ಹುಲ್ಲಿಗೂ ಕೊಡುತ್ತದೆ. ಹೋಗುವ ಮುಂಚೆ ಹುಡುಗ ನನ್ನ ಹುಲ್ಲು ಕತ್ತರಿಸುವ ಯಂತ್ರ ಬಗ್ಗಿ ನೋಡಿ, ಎತ್ತರದ ಸನ್ನೆ ಎರಡು ಮನೆ ಮೇಲಕ್ಕೆ ಏರಿಸಿದ. "ಏಳೆಂಟು ಸೆಂ.ಮೀ. ಬಿಡಿ. ನೆರಳು ಬಿದ್ದರೆ ಕಳೆ ಬೀಜ ಹುಟ್ಟಲ್ಲ." ಹತ್ತು ವರ್ಷದಿಂದ ನಾನು ಕ್ರಿಕೆಟ್ ಪಿಚ್ ಥರ ಕತ್ತರಿಸುತ್ತಿದ್ದೆ. ಐದು ವಿಸಿಟ್‌ನಲ್ಲಿ ಯಾರೂ ಈ ಮಾತು ಹೇಳಿರಲಿಲ್ಲ.

ಈ ಕಂಪನಿಯ ಮೇಲೆ ನನ್ನ ಸಿಟ್ಟು ಇಷ್ಟೇ. ಔಷಧ ಬದಲಾಯಿತು, ಕ್ಯಾಲೆಂಡರ್ ಬದಲಾಗಲಿಲ್ಲ. ಆಗ ಹೇಗೆ ಬಂದು ಐದು ನಿಮಿಷ ಹೊಡೆದು ರಸೀದಿ ಸಿಕ್ಕಿಸಿ ಹೋಗುತ್ತಿದ್ದರೋ ಈಗಲೂ ಹಾಗೇ. ಈಗಿನ ಔಷಧಕ್ಕೆ ಹೊತ್ತು ಗೊತ್ತು ನೋಡಬೇಕು, ಹಿಂದಿನ ಸಲ ಏನು ಹಾಕಿದೆವು ಅಂತ ನೆನಪಿರಬೇಕು. ಅದಕ್ಕೆ ಕೆಲಸ ಗೊತ್ತಿರುವ ಜನ ಬೇಕು, ಜನಕ್ಕೆ ಸಂಬಳ ಬೇಕು. ಅದು ಬಿಟ್ಟು ಬ್ಯಾನ್ ಬೈಯೋದು ಸುಲಭ.

ತೊಗೊಳ್ಳೋ ಯೋಚನೆ ಇದ್ದರೆ ಇಡೀ ಪ್ಯಾಕೇಜ್ ಬೇಡ. ಕಬ್ಬಿಣದ ಸ್ಪ್ರೇ ಅಂಗಡಿಯಲ್ಲೇ ಸಿಗುತ್ತದೆ, ಮೂರ್ನಾಲ್ಕು ವಾರಕ್ಕೊಮ್ಮೆ ನೀವೇ ಹೊಡೆಯಬಹುದು, ಕಾಂಕ್ರೀಟ್ ತೊಳೆಯೋದು ಮರೀಬೇಡಿ. ತೂತು ಹೊಡೆಯುವ ಕೆಲಸಕ್ಕೆ ಮಾತ್ರ ಕರೆಸಿ, ಆ ಯಂತ್ರ ಎತ್ತೋದರಲ್ಲಿ ಸೊಂಟ ಹೋಗುತ್ತದೆ.

ಫೆಬ್ರವರಿಯಲ್ಲಿ, ಅಂಗಳದ ಮೇಲೆ ಮೊಣಕಾಲುದ್ದ ಹಿಮ ಇರುವಾಗ ಫೋನ್ ಬಂತು, ರಿನ್ಯೂ ಮಾಡ್ತೀರಾ ಅಂತ. ಈ ಸಲ 455 ಡಾಲರ್. ಆರೂ ಬೇಡ, ಆಗಸ್ಟಿನದ್ದು ಸೆಪ್ಟೆಂಬರಿನದ್ದು ಎರಡೇ ಕೊಡಿ ಅಂದೆ. ಹಾಗೆ ಕೊಡೋಕಾಗಲ್ಲ ಅಂದರು. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ 260ಕ್ಕೆ ಒಪ್ಪಿದರು. ಅದೇ ಹುಡುಗನನ್ನು ಕಳಿಸಿ ಅಂತ ಕೇಳಿದೆ. ಅವನು ನವೆಂಬರಿನಲ್ಲೇ ಕೆಲಸ ಬಿಟ್ಟನಂತೆ.

ಆಗಸ್ಟ್ 28ಕ್ಕೆ ಸಂಜೆ ಏಳು ಗಂಟೆ ಅಂತ ಬರೆಸಿದ್ದೇನೆ. ಯಾರು ಬರುತ್ತಾರೋ ನೋಡಬೇಕು.